ಇಳಿಜಾರಿನಲ್ಲಿ ನಿಲ್ಲುವ ವ್ಯಾನು
ಸ್ಮೋಲ್ಯಾನ್ ಬೆಟ್ಟಗಳ ಮೆಕ್ಯಾನಿಕ್ ಸ್ತಾಮೆನಣ್ಣ ಕೆಟ್ಟು ನಿಂತ ವ್ಯಾನಿನ ಬಾನೆಟ್ ಎತ್ತುವ ಮೊದಲು ಹೊಗೆ ಕೊಳವೆಯ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. "ತಿರುಗ್ಸು ಕೀಲಿ!" ಬಿಳಿ ಹೊಗೆ ಬಂದರೆ ಎಂಜಿನ್ನಿಗೆ ಚಳಿ, ಹೊಗೆಯೇ ಬಾರದಿದ್ದರೆ ಹಸಿವು, ಅವನ ಪಂಚಾಂಗ ಇಷ್ಟೇ, ಸುಳ್ಳಾದದ್ದಿಲ್ಲ. ಇಂದು ರೊಟ್ಟಿ ಹಂಚುವ ತರುಣ ಕಾಲಿನ್‌ನ ವ್ಯಾನು ಹೊಗೆ ಬಿಡಲಿಲ್ಲ. ಮೇಲಿನ ಹಳ್ಳಿಗಳು ರೊಟ್ಟಿಗೆ ಕಾದು ಕೂತಿವೆ. ಸ್ತಾಮೆನಣ್ಣ ಟ್ಯಾಂಕಿನ ಬಾಯಿ ಮೂಸಿದ. "ಡೀಸೆಲ್ ಹೆಪ್ಪುಗಟ್ಟಬಾರ್ದು ಅಂತ ರಾಕಿಯಾ ಸಾರಾಯಿ ಸುರಿದ್ಯೇನೋ? ಅದೂ ನಿಮ್ಮಾವ ಕಾಸಿದ್ದು, ಅರ್ಧ ನೀರು! ಆ ನೀರೇ ಫಿಲ್ಟರಲ್ಲಿ ಐಸಾಗಿ ಕೂತಿದೆ." ಫಿಲ್ಟರಿಗೆ ಬಿಸಿನೀರ ಬಟ್ಟೆ ಸುತ್ತಿ ಕಾದ; ವ್ಯಾನು ಕೆಮ್ಮಿ ಎದ್ದಿತು. "ಇಷ್ಟೆಲ್ಲ ಗೊತ್ತಿದ್ದೂ ನಿನ್ನ ವ್ಯಾನ್ ಯಾಕಣ್ಣ ದಿನಾ ಇಳಿಜಾರಲ್ಲೇ ನಿಲ್ಸ್ತೀಯ, ಉರುಳ್ಸಿ ಸ್ಟಾರ್ಟ್ ಮಾಡೋಕಾ?" ಎಂದು ಕಾಲಿನ್ ನಕ್ಕ. ಸ್ತಾಮೆನಣ್ಣ ನಗಲಿಲ್ಲ. ತನ್ನ ಹೆಂಡತಿಗೆ ಹೆರಿಗೆನೋವು ಬಂದ ಆ ಹಿಮದ ಮುಂಜಾನೆ ಅವನ ವ್ಯಾನು ಸಮತಟ್ಟಾದ ಅಂಗಳದಲ್ಲಿ ಚಳಿಗೆ ಸ್ಟಾರ್ಟ್ ಆಗದೆ ನಿಂತಿತ್ತು. ತಳ್ಳಲು ಅವನೊಬ್ಬನೇ ಇದ್ದ.