ಬಣ್ಣವಿಲ್ಲದ ಒಂದು ಪಟ

ಕೋಟದ ಬಸ್ ಸ್ಟಾಪಿನ ಎದುರು ಸ್ಟುಡಿಯೋ ಇಟ್ಟಿರುವ ವಿನಯಾ ಊರಿನ ಅರ್ಧ ಜನರ ಮೋರೆಯನ್ನು ಬಿಳಿ ಪರದೆಯ ಎದುರು ಕೂರಿಸಿದವಳು. ರೇಷನ್ ಕಾರ್ಡಿಗೆ ಬೇಕಾದವರು, ಕುವೈತಿಗೆ ಹೊರಟವರು, ಮದುವೆಗೆ ಗಂಡು ಹುಡುಕುವವರು, ಎಲ್ಲರೂ ಅವಳ ಸ್ಟೂಲಿನ ಮೇಲೆ ಕುತ್ತಿಗೆ ನೆಟ್ಟಗೆ ಮಾಡಿ ಕೂತು ಹೋದವರೇ. ಅಂಥವಳ ಒಡಹುಟ್ಟಿದ ಅಣ್ಣ ತೀರಿಕೊಂಡಾಗ ಗೋಡೆಗೆ ಹಾಕಲು ಅವನದೊಂದು ಪಟ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ ಹೇಳಿ? ಇರಲೇ ಇಲ್ಲ ಎಂದೂ ಅಲ್ಲ ಮಾರಾಯ್ರೆ. ಸಾವಿರಗಟ್ಟಲೆ ಇದ್ದವು. ಒಂದರಲ್ಲೂ ಅವನು ಗಂಡಸಾಗಿರಲಿಲ್ಲ.

ಅಣ್ಣ ನಾಗು ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷದವನು. ರಂಗಕ್ಕೆ ಬಂದರೆ ರಾಣಿ, ತ್ರಾಸಿಯಲ್ಲಿ ಅಮ್ಮನ ಮನೆಗೆ ಬಂದರೆ ಬೈರಾಸು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಕೂರುವ ಮನುಷ್ಯ. ಮದುವೆಯಾಗಲಿಲ್ಲ. ಬೇರೆಯವರ ಮದುವೆಗೂ ಹೋದವನಲ್ಲ, ಏಕೆಂದರೆ ಮೇಳ ತಿರುಗಾಟಕ್ಕೆ ಹೊರಡುವುದೂ ಊರಲ್ಲಿ ಮದುವೆಗಳು ಶುರುವಾಗುವುದೂ ಒಂದೇ ಕಾಲಕ್ಕೆ. ಉಳಿದವರು ಧಾರೆಗೆ ನಿಂತಾಗ ಇವನು ರಾತ್ರಿ ಕುಣಿದ ಸುಸ್ತಿಗೆ ಯಾವುದೋ ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿ ಮಲಗಿರುತ್ತಿದ್ದ. ಹಾಗಾಗಿ ಯಾರ ಮನೆಯ ಆಲ್ಬಮ್ಮಿನಲ್ಲೂ ಅವನಿಲ್ಲ, ಸ್ವಂತ ತಂಗಿಯ ಮದುವೆಯ ಆಲ್ಬಮ್ಮಿನಲ್ಲೂ ಇಲ್ಲ. ಮಳೆಗಾಲದಲ್ಲಿ ಮನೆಗೆ ಬಂದಾಗ ಯಾರಾದರೂ ಮೊಬೈಲು ಎತ್ತಿದರೆ ಸಾಕು, ಅಂಗೈ ಅಡ್ಡ ಹಿಡಿಯುತ್ತಿದ್ದ. ಬಣ್ಣ ಇಲ್ಲದ ಮೋರೆಯಲ್ಲಿ ನೋಡುವುದು ಎಂತ ಇದೆ ಎಂದು ಅವನ ವಾದ. ವಿನಯಾಳೂ ಒತ್ತಾಯ ಮಾಡಲಿಲ್ಲ. ಹುಟ್ಟಿದಂದಿನಿಂದ ಕಂಡ ಮೋರೆಯ ಫೋಟೊ ಯಾರು ತೆಗೆಯುತ್ತಾರೆ?

ರಂಗದ ಮೇಲಿನ ನಾಗುವನ್ನು ಮಾತ್ರ ಅವಳು ಬಿಟ್ಟವಳಲ್ಲ. ಯಕ್ಷಗಾನದ ಆಟದ ಫೋಟೊ ಎಂದರೆ ಹುಡುಗಾಟವಲ್ಲ. ಫ್ಲ್ಯಾಶ್ ಹೊಡೆಯುವಂತಿಲ್ಲ, ಹೊಡೆದರೆ ಕುಣಿಯುವವನಿಗೆ ಕಣ್ಣು ಕತ್ತಲೆ ಕಟ್ಟುತ್ತದೆ, ಭಾಗವತರು ಪದ ನಿಲ್ಲಿಸಿ ಬೈಯುವುದೂ ಉಂಟು. ಬೆಳಕು ಸಾಲದು ಎಂದು ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಕುಣಿತವೆಲ್ಲ ಕಲಸಿಹೋಗುತ್ತದೆ. ಆದರೆ ಚೆಂಡೆಯ ಪೆಟ್ಟು ಮುಗಿಯುವಲ್ಲಿ ಕುಣಿಯುವವನು ರೆಪ್ಪೆ ಬಡಿಯುವಷ್ಟು ಹೊತ್ತು ಹಾಗೇ ನಿಲ್ಲುತ್ತಾನೆ. ಆ ನಿಲುವಿಗಾಗಿ ಉಸಿರು ಕಟ್ಟಿ ಕಾದು ಒತ್ತಬೇಕು. ತಾಳ ಗೊತ್ತಿಲ್ಲದವನು ಎಷ್ಟು ಬೆಲೆಯ ಕ್ಯಾಮೆರಾ ತಂದರೂ ಅಷ್ಟೇ. ವಿನಯಾಳಿಗೆ ಅಣ್ಣನ ಪ್ರತಿ ನಿಲುವೂ ಬಾಯಿಪಾಠವಾಗಿತ್ತು. ಅವಳು ತೆಗೆದ ರಾಣಿಯರು ಮೇಳದ ಕರಪತ್ರದಲ್ಲಿ, ಹೆದ್ದಾರಿ ಬದಿಯ ಫ್ಲೆಕ್ಸಿನಲ್ಲಿ ನಗುತ್ತಿದ್ದರು.

ಕಳೆದ ಬೇಸಗೆಯಲ್ಲಿ ಕೋಟದಲ್ಲಿ ಒಂದು ದೊಂದಿ ಆಟ ಇತ್ತು. ಕರೆಂಟಿನ ದೀಪವಿಲ್ಲ, ಹಿಂದಿನ ಕಾಲದ ಹಾಗೆ ರಂಗದ ಎರಡು ಬದಿಯಲ್ಲಿ ಎಣ್ಣೆ ಬಟ್ಟೆಯ ಪಂಜು ಹಿಡಿದು ನಿಲ್ಲುವುದು. ಆ ದಿನ ಬೆಳಿಗ್ಗೆ ತ್ರಾಸಿಗೆ ಹೋಗಿದ್ದ ವಿನಯಾಳ ಕೈಗೆ ಅಮ್ಮ ಪದ್ದು ಒಂದು ಡಬ್ಬಿ ಕೊಟ್ಟಿದ್ದಳು. ನೀರ್ದೋಸೆ, ಕಾಯಿ ಬೆಲ್ಲ. ವೇಷ ಕಟ್ಟಿದ ಮೇಲೆ ನಾಗು ಒಂದು ತುತ್ತೂ ಮುಟ್ಟುವುದಿಲ್ಲ, ಬಣ್ಣಕ್ಕೆ ಕೂರುವ ಮೊದಲೇ ತಿನ್ನಿಸು ಎಂದು ಎರಡೆರಡು ಸಲ ಹೇಳಿದ್ದಳು. ವಿನಯಾ ಕೋಟಕ್ಕೆ ಬಂದು ನೋಡುತ್ತಾಳೆ, ಪಂಜಿನ ಬೆಳಕು ಹೇಗೆ ಬೀಳುತ್ತದೆಂದು ಹೊಂಚುತ್ತಾ ನಾಲ್ಕು ಕಡೆಯ ಫೋಟೊಗ್ರಾಫರುಗಳು ಆಗಲೇ ಜಾಗ ಹಿಡಿದಾಗಿತ್ತು. ಅವಳೂ ರಂಗದ ಮೂಲೆಯಲ್ಲೊಂದು ಜಾಗ ಹಿಡಿದು ಕೂತಳು, ಎದ್ದರೆ ಹೋಯಿತು ಎಂಬ ಹೆದರಿಕೆಯಲ್ಲಿ ವೇಷ ಕಟ್ಟುವ ಚೌಕಿಯ ಕಡೆ ತಲೆಯನ್ನೇ ಹಾಕಲಿಲ್ಲ. ಡಬ್ಬಿ ಕ್ಯಾಮೆರಾ ಬ್ಯಾಗಿನಲ್ಲಿ ಲೆನ್ಸಿನ ಪಕ್ಕದಲ್ಲೇ ಉಳಿಯಿತು. ಮರುದಿನ ಹಳಸಿದ ದೋಸೆಯನ್ನು ತೆಂಗಿನ ಬುಡಕ್ಕೆ ಹಾಕಿ, ಡಬ್ಬಿ ತೊಳೆದು ವಾಪಸು ಕೊಟ್ಟಳು. ಅಮ್ಮ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಸಣ್ಣ ವಿಷಯ, ಮರೆತೂ ಹೋಯಿತು.

ಆಮೇಲೆ ಮಳೆಗಾಲ, ಮೇಳಕ್ಕೆ ರಜೆ. ಒಂದು ಮಧ್ಯಾಹ್ನ ಉಂಡು ಮಲಗಿದ ನಾಗು ಚಹಾಕ್ಕೆ ಕರೆದರೆ ಏಳಲಿಲ್ಲ. ಹೃದಯ ನಿಂತಿತ್ತು ಎಂದರು.

ವಿನಯಾ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಸೌದೆಯವನಿಗೆ ಫೋನ್ ಮಾಡಿದಳು, ಯಾರ ಚಪ್ಪಲಿ ಮಳೆಯಲ್ಲಿ ತೇಲಿಹೋಗುತ್ತಿದೆ ಎಂದು ನೋಡಿ ಎತ್ತಿಟ್ಟಳು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಮರಗಟ್ಟಿತ್ತು, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ. ಹೆಂಗಸರು ಒಳಗೆ ಗುಸುಗುಸು ಮಾಡಿದರು, ಇವಳದು ಎಂಥ ಕಲ್ಲೆದೆಯಪ್ಪ ಎಂದು. ಬಾಯಿಗೆ ಬೀಗ ಇಲ್ಲದವರು ಎಲ್ಲಿಲ್ಲ? ಅದು ಕಿವಿಗೆ ಬಿದ್ದರೂ ಅವಳಿಗೆ ಸಿಟ್ಟೂ ಬರಲಿಲ್ಲ.

ಉತ್ತರಕ್ರಿಯೆಯ ಬೊಜ್ಜಕ್ಕೆ ದಿನ ಗಟ್ಟಿಯಾದ ಮೇಲೆ ಪಟದ ಮಾತು ಬಂತು. ವಿನಯಾ ತನ್ನ ಅತ್ಯುತ್ತಮ ಫೋಟೊವನ್ನೇ ದೊಡ್ಡದು ಮಾಡಿಸಿ ತಂದಳು. ಜಡೆಗೆ ಮಲ್ಲಿಗೆ, ಹಣೆಗೆ ಬಟ್ಟು, ಕಣ್ಣಲ್ಲಿ ಬೆಳಕು. ಪದ್ದು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳು ಮಗನ ಆಟ ನೋಡಿದವಳೇ ಅಲ್ಲ. ಬೆಳಗಾದರೆ ಗಂಗೊಳ್ಳಿ ಬಂದರಿಗೆ ಮೀನಿಗೆ ಓಡುವವಳಿಗೆ ರಾತ್ರಿಯ ಆಟ ಎಲ್ಲಿಂದ?

"ಈ ಹೆಂಗ್ಸಿಗೆ ನಾ ಎಂತಕೆ ಹೂ ಹಾಕ್ಕ್?" ಎಂದಳು. "ನಂಗೆ ನನ್ ಮಗ ಬೇಕ್."

ಸಿಟ್ಟಿನಿಂದ ಹೇಳಿದ್ದಲ್ಲ. ಅಂಗಡಿಯಲ್ಲಿ ಬೇರೆ ಸಾಮಾನು ಕೊಟ್ಟಾಗ ಹೇಳುವ ಹಾಗೆ ಹೇಳಿದಳು. ವಿನಯಾಳಿಗೆ ಅದು ಮಾತ್ರ ಒಳಗೆ ಎಲ್ಲೋ ತಾಗಿತು. ಬೊಜ್ಜಕ್ಕೆ ಮೊದಲು ಅಮ್ಮನಿಗೆ ಅವಳ ಮಗನನ್ನು ತೋರಿಸಲೇಬೇಕು ಎಂದು ಹಟ ಹಿಡಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚುತ್ತಲೂ ಇರಲಿಲ್ಲ.

ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿದರೆ ಪೊಲೀಸರು ಹಿಡಿದು ತಂದವನ ಹಾಗೆ ಕಂಡಿತು. ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ಅಂಗೈ. ಸ್ಟುಡಿಯೋದ ಪಾಲುದಾರ ಸುಶಾಂತ್ ಇದಕ್ಕೆಲ್ಲ ಈಗ ಕಂಪ್ಯೂಟರ್ ಇದೆ ಎಂದು ರಾಣಿಯ ಮುಖದ ಬಣ್ಣ ಅಳಿಸಿ, ಜಡೆ ತೆಗೆದು, ಕ್ರಾಪು ಕೂರಿಸಿ, ಅಂಗಿಯನ್ನೂ ತೊಡಿಸಿಕೊಟ್ಟ. ಚೆಂದದ ಗಂಡಸು. ಬಟ್ಟೆ ಅಂಗಡಿಯ ಜಾಹೀರಾತಿಗೆ ಹಾಕಬಹುದು. ಪದ್ದು ಅದನ್ನು ನೋಡಿ, ಪಾಪ ಇವ ಯಾರ ಮನೆಯ ಹುಡುಗ ಎಂದು ಕೇಳಿದಳು.

ಕೊನೆಗೆ ವಿನಯಾ ಲ್ಯಾಪ್‌ಟಾಪ್ ತಂದು ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಒಳ್ಳೆಯ ಫೋಟೊಗಳೆಲ್ಲ ಮುಗಿದವು. ಎಲ್ಲದರಲ್ಲೂ ಚೆಂಡೆ ನಿಂತಲ್ಲಿ ನಿಂತ ರಾಣಿ. ಪದ್ದು ತಲೆ ಅಲ್ಲಾಡಿಸುತ್ತಲೇ ಹೋದಳು. ಉಳಿದವು ಕೆಟ್ಟವು, ಅಳಿಸಲು ಪುರಸೊತ್ತಾಗದೆ ಬಿದ್ದಿದ್ದವು. ಅಲುಗಿದ್ದು, ತಲೆ ಕತ್ತರಿಸಿದ್ದು, ಕಪ್ಪಾದದ್ದು. ವಿನಯಾ ಅವನ್ನು ಬೇಗ ಬೇಗ ಸರಿಸುತ್ತಿದ್ದಳು.

"ನಿಲ್ಸ್," ಎಂದಳು ಪದ್ದು.

ಪಂಜಿನ ಬೆಳಕಿನಲ್ಲಿ ರಾಜವೇಷದವನೊಬ್ಬ ಕುಣಿಯುತ್ತಿದ್ದ, ಅವನೂ ಕಲಸಿಹೋಗಿದ್ದ. ಹಿಂದೆ, ಬೆಳಕು ತಲುಪದ ಅಂಚಿನಲ್ಲಿ, ಪಾಳಿಗೆ ಕಾಯುತ್ತಾ ರಾಣಿ ನಿಂತಿದ್ದಳು. ಒಂದು ಕಾಲಿನ ಮೇಲೆ ಭಾರ ಹಾಕಿ, ಎಡಗೈಯನ್ನು ಡಾಬಿನ ಕೆಳಗೆ ಹೊಟ್ಟೆಗೆ ಒತ್ತಿಕೊಂಡು, ಎಲ್ಲೂ ನೋಡದೆ. ಮುಖ ಅರ್ಧಕ್ಕರ್ಧ ಕತ್ತಲೆ.

ಅದು ಹಾಳಾದದ್ದು, ಏನೂ ಕಾಣುವುದಿಲ್ಲ ಎಂದಳು ವಿನಯಾ.

"ಕಾಣ್ದೆ ಎಂತ? ಇವ ನಮ್ ನಾಗು." ಪದ್ದುವಿನ ಬೆರಳು ಪರದೆಯ ಮೇಲಿತ್ತು. "ಶಾಲಿಂದ ಬಂದ್ ಅಡ್ಗಿಮನಿ ಬಾಗ್ಲಗೆ ಹಿಂಗೇ ನಿಂತ್ಕಂತಿದ್ದ. ಹಶು ಆಯ್ತ್ ಅಂದ್ ಬಾಯ್ಬಿಟ್ ಹೇಳ್ವನಲ್ಲ ಅವ. ನಾ ನೋಡಿಯೇ ತಿಳ್ಕಣ್ಕ್."

ಆಮೇಲೆ ಇದು ಯಾವ ದಿನದ್ದು ಎಂದು ಕೇಳಿದಳು. ಕೋಟದ ದೊಂದಿ ಆಟದ್ದು ಎಂದಳು ವಿನಯಾ. ಹೇಳಿದ ಮೇಲೆ ಗೊತ್ತಾಯಿತು, ಹೇಳಬಾರದಿತ್ತು ಎಂದು.

"ದೋಸಿ ಕೊಟ್ ಕಳ್ಸಿದ್ನಲೆ ಅವತ್. ತಿಂದಿದ್ನಾ?"

"ಹ್ಞೂಂ," ಎಂದಳು ವಿನಯಾ. "ಪೂರಾ ತಿಂದಿದ್ದ."

ಪದ್ದು ಅದನ್ನು ನಂಬಿದಳೋ ಇಲ್ಲವೋ, ಪರದೆಯ ಮೇಲೆ ಹೊಟ್ಟೆಗೆ ಒತ್ತಿದ್ದ ಆ ಕೈಯನ್ನು ಬೆರಳಿನಿಂದ ಸವರಿದಳು.

ಸುಶಾಂತ್ ಆ ಫೋಟೊವನ್ನು ಸ್ವಲ್ಪ ಬೆಳಗಿಸುತ್ತೇನೆ ಎಂದ. ಬೇಡ, ಇದ್ದ ಹಾಗೇ ಪ್ರಿಂಟ್ ಹಾಕು ಎಂದಳು ವಿನಯಾ. ಬೊಜ್ಜಕ್ಕೆ ಬಂದವರಿಗೆ ತಲೆಬುಡ ತಿಳಿಯಲಿಲ್ಲ, ಕತ್ತಲೆಯಲ್ಲಿ ಸೀರೆ ಉಟ್ಟವರ ಪಟಕ್ಕೆ ಹೂಮಾಲೆ ಹಾಕಿದ್ದಾರಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಪದ್ದು ಪಟದ ಗಾಜನ್ನು ಸೆರಗಿನಿಂದ ಒರೆಸಿದಳು. ಪಟದ ಎದುರು ಬಾಳೆಎಲೆ ಹಾಸಿ, ತೀರಿಕೊಂಡವನಿಗೆ ಇಷ್ಟದ್ದನ್ನು ಎಡೆ ಇಡುವ ಹೊತ್ತಿಗೆ, ನೀರ್ದೋಸೆಯ ಪಾತ್ರೆಯನ್ನು ಮಗಳ ಕೈಗೆ ಕೊಟ್ಟಳು.

"ನೀನೇ ಬಡ್ಸ್," ಎಂದಳು.

ವಿನಯಾ ಒಂದು ದೋಸೆ ಹಾಕಿದಳು, ಕಾಯಿ ಬೆಲ್ಲ ಹಾಕಿದಳು. ಇನ್ನೊಂದು ಹಾಕಿದಳು. ಎಲೆ ತುಂಬಿತು. ಸಾಕು ಎಂದಳು ಅಮ್ಮ. ಪಾತ್ರೆ ಖಾಲಿಯಾಗುವವರೆಗೂ ಅವಳು ಬಡಿಸುತ್ತಲೇ ಇದ್ದಳು.