ಬೀಗರ ನೀರು

ಮನುಷ್ಯನ ಆರೋಗ್ಯವು ಅವನು ಕುಡಿಯುವ ನೀರನ್ನು ಅವಲಂಬಿಸಿದೆ. ಈ ಮಹಾಸತ್ಯವನ್ನು ನಾನು ಮೂರು ವರ್ಷ ಬಾಯಿಪಾಠ ಮಾಡಿದ್ದು ವಿದ್ಯಾರ್ಥಿ ನಿಲಯದಲ್ಲಿ, ಸೊಳ್ಳೆಮರಿ ಈಜುತ್ತಿದ್ದ ಡ್ರಮ್ಮಿನ ನೀರು ಕುಡಿಯುತ್ತ.

ಎಂಬತ್ತರ ದಶಕದ ಮಾತು. ನಾನು ಓದುತ್ತಿದ್ದುದು ಪರಿಸರ ಆರೋಗ್ಯ ವಿಜ್ಞಾನ. ಊರಲ್ಲಿ ಹಾಗೆಂದರೆ, "ಅಂದ್ರ ಡಾಕ್ಟರೇನ್ರಿ?" ಎನ್ನುತ್ತಿದ್ದರು. ಅಲ್ಲವೆಂದರೆ, "ಹಂಗಾರ ಕಾಂಪೌಂಡರ್ ಇರಬೇಕು" ಎಂದು ತಾವೇ ತೀರ್ಮಾನಿಸುತ್ತಿದ್ದರು.

ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಒಂದೊಂದು ಹಳ್ಳಿಯ ಬಾವಿ ನೀರು ತಂದು ಪರೀಕ್ಷಿಸುವುದು. ಪ್ರಬಂಧ ಒಪ್ಪಿತವಾಗದಿದ್ದರೆ ಒಂದು ವರ್ಷ ಹೋಯಿತು. ಅಫಜಲಪುರ ಕಡೆಯ ಅತನೂರಿನ ಬಾಟಲಿಯಲ್ಲಿ ಹೊಲಸಿನ ಗುರುತು ಹೇಳುವ ಬ್ಯಾಕ್ಟೀರಿಯಾ ಧಾರಾಳವಾಗಿದ್ದವು. ಜೇವರ್ಗಿ ಕಡೆಯದರಲ್ಲೂ ಅಷ್ಟೇ. ಆಳಂದ ಕಡೆಯ ಕಿಣ್ಣಿ ಸುಲ್ತಾನವೆಂಬ ಹಳ್ಳಿಯ ಬಾಟಲಿಯಲ್ಲಿ ಮಾತ್ರ ಒಂದೂ ಇಲ್ಲ. ಆ ಮೆಟ್ಟಿಲು ಬಾವಿಯಲ್ಲಿ ಎಮ್ಮೆಯ ಮೈ ತೊಳೆಯುವುದನ್ನು ನಾನೇ ಕಂಡಿದ್ದೆ.

ಮೂರು ದಿನ ಬೇರೇನೂ ತಲೆಗೆ ಹೋಗಲಿಲ್ಲ. ಬಾವಿಯ ಮೇಲೆ ಬಾಗಿದ್ದ ಬೇವಿನ ಮರ ನೆನಪಾಯಿತು. ಎಲೆ ಉದುರಿ ನೀರು ಶುದ್ಧವಾಗುತ್ತದೆಂದು ನಾಲ್ಕು ಪುಟ ಬರೆದೆ. ಜಗತ್ತಿಗೆ ಉಪಕಾರವಾಯಿತೆಂದು ಆ ದಿನ ಎರಡು ಕಪ್ ಚಹಾ ಕುಡಿದೆ.

ನಮ್ಮ ಮಾರ್ಗದರ್ಶಕರು ಓದಿ, ಕನ್ನಡಕ ತೆಗೆದರು.

"ಬೇವಿನ ಎಲಿ ಬಿದ್ದು ಬಾಂವಿ ಶುದ್ಧ ಆಗೂದಿದ್ರ ನಮ್ಮ ವಿಭಾಗ ಯಾಕ ಬೇಕಲೇ? ಬಾಗಲಾ ಹಾಕ್ಕೊಂಡು ಎಲ್ಲಾರೂ ಗಿಡಾ ಹಚ್ಚೂಣು. ತಿಂಗಳ ಕೊನಿಗೆ ಖರೇ ಕಾರಣ ತಗೊಂಡು ಬಾ. ಸಿಗಲಿಲ್ಲಂದ್ರ ಮುಂದಿನ ವರ್ಷ ಬಾ, ಗಡಿಬಿಡಿ ಇಲ್ಲ."

ಮತ್ತೆ ಬಸ್ಸು ಹತ್ತಿದೆ. ಕಿಣ್ಣಿ ಸುಲ್ತಾನದಲ್ಲಿ ನಾನು ಉಳಿದಿದ್ದು ತಂದೆಯ ಪರಿಚಯದ ಒಕ್ಕಲಿನ ಮನೆಯಲ್ಲಿ. ಆ ಮನೆಯ ಹಿರಿಯಾಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಹಿಂದಿನ ಸಲ ಮುಂಜಾನೆ ಬಾಟಲಿ ತುಂಬಿ, ಕಾಗದ ಮುಚ್ಚಿ, ದಾರ ಕಟ್ಟಿ, ಅವರ ಪಡಸಾಲೆಯಲ್ಲಿಟ್ಟು ರೊಟ್ಟಿ ತಿನ್ನಲು ಕೂತಿದ್ದೆ.

"ಆಯಿ, ಅವತ್ತು ನನ್ನ ಬಾಟಲಿ ಯಾರರೆ ಮುಟ್ಟಿದ್ರೇನ್ರಿ?"

"ಮುಟ್ಟೂದೇನು, ನಾನೇ ಚೆಲ್ಲೇನಿ. ಆ ರಾಡಿ ನೀರು ಯುನಿವರ್ಸಿಟಿಗೆ ಒಯ್ದ್ರ ಊರ ಮರ್ಯಾದಿ ಏನಾಗಬೇಕು? ಬಾಟಲಿ ಕುದಿಯೂ ನೀರಾಗ ಅದ್ದಿ, ಕಾಸಿ ಆರಿಸಿದ್ದು ತುಂಬೇನಿ. ದಾರಾನೂ ನಿನಗಿಂತ ಛಲೋ ಕಟ್ಟೇನಿ."

"ಕಾಸಿದ ನೀರು ಎಲ್ಲಿತ್ರಿ?"

"ಬೀಗರು ಬಂದಿದ್ರಲ್ಲ. ಅವರಿಗಂತ ಒಂದು ಕೊಡಾ ಬ್ಯಾರೆ ಇಡ್ತೀವಿ."

"ನೀವು ಯಾವುದು ಕುಡೀತೀರಿ?"

"ನಾವೇನು ಬೀಗರೇನೋ? ಬಾಂವೀದೇ ಕುಡೀತೀವಿ."

ಹಳ್ಳಿಯವರಿಗೆ ನೀರು ಕಾಸುವುದನ್ನು ಹೇಗೆ ಕಲಿಸಬೇಕೆಂದು ನಮಗೊಂದು ಇಡೀ ಅಧ್ಯಾಯವಿತ್ತು. ನಾನದನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಓದಿದ್ದೆ. ಇಲ್ಲಿ ಕಲಿಸಲು ಏನೂ ಉಳಿದಿರಲಿಲ್ಲ. ಮನೆಯವರಿಗೂ ಯಾಕೆ ಕಾಸುವುದಿಲ್ಲವೆಂದು ಕೇಳಿದೆ.

"ಬೀಗರ ಹೊಟ್ಟಿ ಕೆಟ್ಟರ ತಮ್ಮೂರಾಗ ಹೋಗಿ ಹೇಳ್ತಾರ. ನಮ್ಮ ಹೊಟ್ಟಿ ಕೆಟ್ಟರ ನಾವು ಯಾರಿಗೆ ಹೇಳೂಣು?"

ಆ ಮಧ್ಯಾಹ್ನ ಓಣಿಯ ಹತ್ತು ಮನೆಗೆ ಹೋಗಿ ಕೇಳಿದೆ. ಏಳು ಮನೆಗಳಲ್ಲಿ ಬೀಗರು ಬಂದಾಗ ಬೇರೆ ಕೊಡ ಇಡುತ್ತಿದ್ದರು. ಎರಡು ಮನೆಯವರು, ತಮ್ಮ ಬೀಗರಿಗೆ ಅಷ್ಟು ಯೋಗ್ಯತೆ ಇಲ್ಲವೆಂದರು. ಒಬ್ಬಾಕೆ ನನ್ನನ್ನೇ ಬೀಗನೆಂದು ಭಾವಿಸಿ ಒಲೆ ಹೊತ್ತಿಸಲು ಹೊರಟಳು. ಎಲ್ಲವನ್ನೂ ಬರೆದುಕೊಂಡೆ.

ಮರುದಿನ ಮುಂಜಾನೆ ಬಾವಿಯಿಂದ ಒಂದು ಬಾಟಲಿ ತುಂಬಿದೆ. ಆಯಿ ಕಾಸಿ ಆರಿಸಿದ ಕೊಡದಿಂದ ಇನ್ನೊಂದು. ಊಟಕ್ಕೆ ಕೂತಾಗಲೂ ಎರಡನ್ನೂ ತೊಡೆಯ ಮೇಲಿಂದ ಇಳಿಸಲಿಲ್ಲ.

"ಅವಳಿ ಜವಳಿ ಹಡದಂಗ ಕುಂತಾನ ನೋಡು," ಎಂದು ಆಯಿ ಸೊಸೆಗೆ ತೋರಿಸಿದರು.

ಬೇವಿನ ನಾಲ್ಕು ಪುಟ ಕಿತ್ತು ಹಾಕಿ, ಬೀಗರ ಕೊಡದ ಬಗ್ಗೆ ಒಂಬತ್ತು ಪುಟ ಬರೆದು ಸೇರಿಸಿದೆ. ಬಾವಿಯ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಇದ್ದವು, ಕೊಡದ ಬಾಟಲಿಯಲ್ಲಿ ಇರಲಿಲ್ಲ. ಪ್ರಬಂಧ ಒಪ್ಪಿತವಾಯಿತು. ಆ ವರ್ಷವೇ ದ್ವಿತೀಯ ದರ್ಜೆಯಲ್ಲಿ ಪಾಸಾದೆ.