ಎಡಗಡೆ ಬಿದ್ದ ಹೂ

ನಾನು ಮೆಚ್ಚಿದ ಹುಡುಗನನ್ನೇ ಮದುವೆಯಾಗಲು ಮನೆದೇವರ ಬಲಗಡೆಯಿಂದ ಹೂ ಬೀಳಬೇಕಿತ್ತು. ಎಡಗಡೆ ಬಿದ್ದರೆ ದೇವರು ಬೇಡವೆಂದಂತೆ. ಅಜ್ಜಿಗೆ ಸಂಸೆಯ ಗುಡಿಯ ಮೆಟ್ಟಿಲು ಹತ್ತಲಾಗದ್ದರಿಂದ ಅರ್ಚಕರು ಪ್ರಸಾದ ಕೇಳುವುದನ್ನು ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರು. ಬಣಕಲ್ಲಿನ ನಮ್ಮ ಮನೆಯಲ್ಲಿ ಇಬ್ಬರೂ ಮೊಬೈಲಿಗೆ ಕೈಮುಗಿದು ಕೂತೆವು.

ಹೂ ಎಡಗಡೆ ಬಿತ್ತು! ನನಗೆ ಅಳುವೇ ಬಂತು.

"ತಡಿಯೇ ಮಾರಾಯ್ತಿ," ಅಜ್ಜಿ ಕನ್ನಡಕ ಏರಿಸಿದರು. "ಇವ್ರು ಯಾಕೆ ಎಡಗೈಯಲ್ಲಿ ಆರತಿ ಎತ್ತುತಿದಾರೆ?"

ಕೂಡಲೇ ಅರ್ಚಕರಿಗೆ ಫೋನ್ ಮಾಡಿದೆ.

"ನಾನೂ ಕಾಣ್ಲಿ ಅಂತ ಸೆಲ್ಫಿ ಕ್ಯಾಮೆರಾದಲ್ಲಿ ತೆಗ್ದೆ ಕಣಮ್ಮ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರ್ಬೇಕು. ಹೂ ಬಲಗಡೆನೇ ಬಿದ್ದಿದ್ದು!"

"ದೇವ್ರನ್ನೂ ಉಲ್ಟಾ ಮಾಡಿಬಿಟ್ರಲ್ಲ!" ಎಂದರು ಅಜ್ಜಿ.

ನಾನು ಅಂಗಳಕ್ಕೆ ಓಡಿ ಹುಡುಗನಿಗೆ ಫೋನ್ ಹಚ್ಚಿದೆ. ಬರೀ ನಕ್ಕೆ. ಆ ಕಡೆ ಅವನೂ ಕಾರಣ ಕೇಳದೆ ನಗತೊಡಗಿದ.